ನೀಡಲ್ ಮುಟ್ಟೋದು ಕೊನೆಗೆ: ನೈಟ್ರೋ ಬಗ್ಗಿ ಜೊತೆ ನನ್ನ ಅನುಭವ

ನೈಟ್ರೋ ಬಗ್ಗಿ, ಅಂದರೆ ನೈಟ್ರೋ ಇಂಧನದಲ್ಲಿ ಓಡುವ ರಿಮೋಟ್ ಕಂಟ್ರೋಲ್ ಕಾರು, ಓಡಿಸುವವರ ಜೊತೆ ಒಂದು ಬೆಳಿಗ್ಗೆ ಕಳೆದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಗಾಡಿ ಆಫ್ ಆದ ತಕ್ಷಣ ಕೈ ಹೋಗುವುದು ಸ್ಕ್ರೂಡ್ರೈವರ್ ಕಡೆಗೆ. ಎಂಜಿನ್‌ಗೆ ಎಷ್ಟು ಇಂಧನ ಹೋಗಬೇಕು ಅಂತ ತೀರ್ಮಾನಿಸುವ ಕಾರ್ಬ್ಯುರೇಟರ್ ನೀಡಲ್ ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಅರ್ಧ ದಿನ ಹೀಗೇ ಹೋಗುತ್ತದೆ. ಈ ಗಾಡಿಗಳನ್ನು ಕಟ್ಟಿ, ಓಡಿಸಿ, ಬಿಚ್ಚಿ ನಾನು ಕಲಿತದ್ದು ಇಷ್ಟು: ಎಂಜಿನ್ ಹಟ ಮಾಡಿದಾಗ ತೊಂದರೆ ನೀಡಲ್‌ನಲ್ಲಿ ಇರುವುದು ಕಡಿಮೆ. ಪ್ಲಗ್, ಏರ್ ಫಿಲ್ಟರ್, ಟ್ಯಾಂಕಿನ ಮುಚ್ಚಳ, ಕ್ಲಚ್ ಎಲ್ಲ ನೋಡಿ ಆದಮೇಲೆ ಕೊನೆಗೆ ನೀಡಲ್ ಮುಟ್ಟಬೇಕು.

ನಾನು ಹೇಳುತ್ತಿರುವುದು ನಿಜವಾದ ಗಾಡಿಯ ಎಂಟನೇ ಒಂದರಷ್ಟು (1/8) ಅಳತೆಯ ಆಫ್‌ರೋಡ್ ರೇಸ್ ಬಗ್ಗಿಯ ವಿಷಯ. ನಾಲ್ಕೂ ಚಕ್ರ ಎಳೆಯುತ್ತವೆ. ತೂಕ ಮೂರೂವರೆ ಕೆಜಿ ಆಸುಪಾಸು. ಎಂಜಿನ್ 3.5 ಸಿಸಿಯ ಟೂ ಸ್ಟ್ರೋಕ್, ನಿಮಿಷಕ್ಕೆ 30 ಸಾವಿರ ಸುತ್ತು ದಾಟುತ್ತದೆ. ಅಂತರರಾಷ್ಟ್ರೀಯ ರೇಸ್ ನಿಯಮದ ಪ್ರಕಾರ ಟ್ಯಾಂಕ್ 125 ಸಿಸಿ ಮೀರುವ ಹಾಗಿಲ್ಲ. ಒಂದು ಟ್ಯಾಂಕ್ ಎಂಟು–ಹತ್ತು ನಿಮಿಷ ಬರುತ್ತದೆ.

ಇದಕ್ಕೆ ಹಾಕುವುದು ಪೆಟ್ರೋಲ್ ಅಲ್ಲ. ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಬೆರೆಸಿದ ಇಂಧನ. ನಾನು ಬಳಸುವುದು 25% ನೈಟ್ರೋ ಇರುವಂಥದ್ದು. ಈ ಎಂಜಿನ್‌ಗೆ ಬೇರೆ ಆಯಿಲ್ ಪಂಪ್ ಇಲ್ಲ. ಒಳಗೆ ಜಿಡ್ಡು ಕೊಡುವುದು ಇಂಧನದಲ್ಲಿ ಬೆರೆತ ಎಣ್ಣೆ ಮಾತ್ರ. ಇಂಧನ ಕಡಿಮೆ ಮಾಡಿದರೆ ಎಣ್ಣೆಯೂ ಕಡಿಮೆಯಾಯಿತು ಅಂತಲೇ ಅರ್ಥ. ನೀಡಲ್ ಟೈಟ್ ಮಾಡಿ, ಅಂದರೆ ಇಂಧನ ಕಡಿಮೆ ಮಾಡಿ, ಗಾಡಿ ಇನ್ನಷ್ಟು ಚುರುಕಾಯಿತು ಅಂತ ಖುಷಿಪಡುವಾಗ ಇದು ನೆನಪಿರಬೇಕು.

ಇನ್ನೊಂದು ವಿಶೇಷ ಗ್ಲೋ ಪ್ಲಗ್. ಇದರಲ್ಲಿ ಸ್ಪಾರ್ಕ್ ಇಲ್ಲ. ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿ ಇರುತ್ತದೆ. ಸ್ಟಾರ್ಟ್ ಮಾಡುವಾಗ ಮಾತ್ರ ಅದಕ್ಕೆ ಸಣ್ಣ ಬ್ಯಾಟರಿ ಇರುವ ಇಗ್ನೈಟರ್‌ನಿಂದ ಕರೆಂಟ್. ಆಮೇಲೆ ಇಗ್ನೈಟರ್ ತೆಗೆದರೂ, ಮೆಥನಾಲ್ ಆವಿ ಪ್ಲಾಟಿನಂಗೆ ತಾಗಿದಾಗ ಹುಟ್ಟುವ ಕಾವಿನಿಂದ ಮತ್ತು ಪ್ರತಿ ಸಲದ ಉರಿಯ ಬಿಸಿಯಿಂದ ತಂತಿ ಕೆಂಪಗೆ ಉಳಿಯುತ್ತದೆ. ಬೆಂಕಿ ಹೊತ್ತುವ ಸಮಯವನ್ನು ತಿದ್ದಲು ಬೇರೆ ಸಾಧನ ಇಲ್ಲ. ಪ್ಲಗ್ ಎಷ್ಟು ಬಿಸಿ, ಒತ್ತಡ ಎಷ್ಟು, ಇಂಧನ–ಗಾಳಿ ಎಷ್ಟಕ್ಕೆಷ್ಟು ಎಂಬುದರ ಮೇಲೆ ಎಲ್ಲ ನಿಂತಿದೆ. ಹಾಗಾಗಿ ಪ್ಲಗ್ ಸೋತರೆ ಪೂರಾ ಎಂಜಿನ್ ಸೋತ ಹಾಗೆ ಕಾಣುತ್ತದೆ.

ಕಿಟ್ ಬಂದಾಗ ನಾನು ಜಾಸ್ತಿ ಹೊತ್ತು ಕೂರುವುದು ಡಿಫರೆನ್ಶಿಯಲ್‌ಗಳ (ಚಕ್ರಗಳಿಗೆ ಶಕ್ತಿ ಹಂಚುವ ಗಿಯರ್ ಪೆಟ್ಟಿಗೆ, ಚಿಕ್ಕದಾಗಿ ಡಿಫ್) ಮುಂದೆ. ಬಗ್ಗಿಗೆ ಮೂರು ಡಿಫ್: ಮುಂದೆ, ಮಧ್ಯ, ಹಿಂದೆ. ಮೂರರಲ್ಲೂ ಸಿಲಿಕೋನ್ ಎಣ್ಣೆ. ಎಣ್ಣೆ ಎಷ್ಟು ಗಟ್ಟಿಯೋ ಎರಡು ಕಡೆಯ ಚಕ್ರಗಳು (ಮಧ್ಯದ ಡಿಫ್‌ನಲ್ಲಿ ಮುಂದಿನವು–ಹಿಂದಿನವು) ಬೇರೆ ಬೇರೆ ವೇಗದಲ್ಲಿ ತಿರುಗಲು ಅಷ್ಟು ಕಷ್ಟ. ನಾನು ಶುರು ಮಾಡುವುದು ಮುಂದೆ 7 ಸಾವಿರ, ಮಧ್ಯ 7 ಸಾವಿರ, ಹಿಂದೆ 3 ಸಾವಿರದ ಎಣ್ಣೆಯಿಂದ (ಈ ಅಂಕಿ ಎಣ್ಣೆ ಎಷ್ಟು ಗಟ್ಟಿ ಎಂಬುದರ ಅಳತೆ). ಟ್ರ್ಯಾಕ್ ಒಣಗಿ ಜಾರುತ್ತಿದ್ದರೆ ಮಧ್ಯದ್ದನ್ನು 5 ಸಾವಿರಕ್ಕೆ ಇಳಿಸುತ್ತೇನೆ. ಆಗ ಥ್ರಾಟಲ್ ಜೋರಾಗಿ ಒತ್ತಿದಾಗ ಹಗುರಾದ ಮುಂದಿನ ಚಕ್ರಗಳು ಒಂದಿಷ್ಟು ಶಕ್ತಿಯನ್ನು ಸುಮ್ನೆ ತಿರುಗಿ ಕಳೆಯುತ್ತವೆ. ಹಿಂಭಾಗ ಒದ್ದುಕೊಂಡು ತಿರುಗಿಬಿಡುವುದು ಕಡಿಮೆಯಾಗುತ್ತದೆ.

ಎಣ್ಣೆ ತುಂಬುವಾಗ ಅವಸರ ಬೇಡ. ಒಳಗಿನ ಅಡ್ಡ ಪಿನ್‌ಗಳು ಮುಳುಗುವಷ್ಟು ಹಾಕಿ, ಗಿಯರ್‌ಗಳನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ, ಗುಳ್ಳೆ ಎಲ್ಲ ಮೇಲೆ ಬರುವ ತನಕ ಬಿಡುತ್ತೇನೆ. ಆಮೇಲೆ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಮುಂದಿನ ಸಲ ಅದೇ ತೂಕಕ್ಕೆ ತುಂಬಿದರೆ ಡಿಫ್ ಅದೇ ಥರ ನಡೆದುಕೊಳ್ಳುತ್ತದೆ. ಕಂಠಮಟ್ಟ ತುಂಬಿದರೆ ಬಿಸಿಗೆ ಎಣ್ಣೆ ಹಿಗ್ಗಿ ಓ–ರಿಂಗ್ ದಾಟಿ ಹೊರಗೆ ಬರುತ್ತದೆ.

ಲೋಹದೊಳಗೆ ಹೋಗುವ ಪ್ರತಿ ಸ್ಕ್ರೂಗೂ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಬೇಕು, ಅದೂ ಎಣ್ಣೆಯ ಪಸೆ ಒರೆಸಿದ ಮೇಲೆ. ಪ್ಲಾಸ್ಟಿಕ್‌ಗೆ ಹೋಗುವ ಸ್ಕ್ರೂಗೆ ಅದು ಬೇಡವೇ ಬೇಡ. ಎಂಜಿನ್ ಕೂರಿಸುವಾಗ ಕ್ಲಚ್ ಬೆಲ್ (ಎಂಜಿನ್ ಕಡೆಯ ಸಣ್ಣ ಗಿಯರ್) ಮತ್ತು ಸ್ಪರ್ ಗಿಯರ್ (ಅದು ತಿರುಗಿಸುವ ದೊಡ್ಡ ಗಿಯರ್) ನಡುವೆ ಒಂದು ಸೀಳು ಕಾಗದ ಇಟ್ಟು ಒತ್ತಿ ಹಿಡಿದು ಬೋಲ್ಟ್ ಬಿಗಿಯುತ್ತೇನೆ. ಕಾಗದ ಎಳೆದಾಗ ಮಡಿಕೆ ಮಡಿಕೆಯಾಗಿ, ಹರಿಯದೆ ಬಂದರೆ ಸಂದು ಸರಿ ಇದೆ. ಸ್ಪರ್ ಗಿಯರನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ, ಅತಿ ಬಿಗಿಯಾದ ಕಡೆಯಲ್ಲೂ ಚೂರು ಆಟ ಇರಬೇಕು.

ರೇಡಿಯೋ ವಿಷಯದಲ್ಲಿ ಒಂದೇ ಮಾತು: ಫೇಲ್‌ಸೇಫ್. ಸಿಗ್ನಲ್ ಹೋದರೆ ಥ್ರಾಟಲ್ ಸರ್ವೋ ತಾನಾಗಿ ಬ್ರೇಕ್ ಕಡೆಗೆ ಹೋಗುವ ಹಾಗೆ ಸೆಟ್ ಮಾಡಿ, ಎಂಜಿನ್ ಹಚ್ಚುವ ಮೊದಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ ಪರೀಕ್ಷಿಸಿ. ಮೂರೂವರೆ ಕೆಜಿಯ ಗಾಡಿ ಹಿಡಿತ ತಪ್ಪಿ ಬಂದು ಕಾಲಿಗೆ ಬಡಿದರೆ ಮೂಳೆ ಮುರಿಯಬಹುದು. ಪಕ್ಕದಲ್ಲಿ ಮಕ್ಕಳೂ ನಿಂತಿರುತ್ತಾರೆ ಅಲ್ವಾ?

ಈಗ ಬ್ರೇಕ್‌–ಇನ್, ಅಂದರೆ ಹೊಸ ಎಂಜಿನನ್ನು ಮೆಲ್ಲಗೆ ಪಳಗಿಸುವುದು. ಈ ಎಂಜಿನ್‌ಗಳಲ್ಲಿ ಪಿಸ್ಟನ್ ರಿಂಗ್ ಇರುವುದಿಲ್ಲ. ಕ್ರೋಮ್ ಲೇಪಿಸಿದ ಹಿತ್ತಾಳೆಯ ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ) ಮೇಲಕ್ಕೆ ಹೋದ ಹಾಗೆ ಕೂದಲೆಳೆಯಷ್ಟು ಕಿರಿದಾಗುತ್ತದೆ. ಅದರೊಳಗೆ ಅಲ್ಯುಮಿನಿಯಂ ಪಿಸ್ಟನ್. ತಣ್ಣಗಿರುವಾಗ ಪಿಸ್ಟನ್ ತುದಿಗೆ ಬಂದು ಕಚ್ಚಿಕೊಳ್ಳುತ್ತದೆ. ಹೊಸ ಎಂಜಿನ್‌ನ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಲೋಹದ ಚಕ್ರ) ಕೈಯಲ್ಲಿ ತಿರುಗಿಸಿದರೆ ಈ ಬಿಗಿ ಬೆರಳಿಗೇ ಗೊತ್ತಾಗುತ್ತದೆ. ಬಿಸಿಯಾದಾಗ ಸ್ಲೀವ್ ಪಿಸ್ಟನ್‌ಗಿಂತ ಜಾಸ್ತಿ ಹಿಗ್ಗಿ ಬಿಗಿ ಸಡಿಲವಾಗುತ್ತದೆ. ತಣ್ಣಗಿರುವ ಹೊಸ ಎಂಜಿನನ್ನು ಹಾಗೇ ಸ್ಟಾರ್ಟರ್ ಬಾಕ್ಸ್ (ಎಂಜಿನ್ ತಿರುಗಿಸಿ ಹಚ್ಚುವ ಮೋಟರ್ ಪೆಟ್ಟಿಗೆ) ಮೇಲೆ ಒತ್ತಿ ತಿರುಗಿಸಿದರೆ ಆ ಬಿಗಿಯ ಭಾರವೆಲ್ಲ ಕನೆಕ್ಟಿಂಗ್ ರಾಡ್ ಮೇಲೆ ಬೀಳುತ್ತದೆ. ಅದಕ್ಕೇ ನಾನು ಹೀಟ್ ಗನ್ ಹಿಡಿದು ಎಂಜಿನ್ ಹೆಡ್ 90 ಡಿಗ್ರಿ ಮುಟ್ಟಿದ ಮೇಲೆಯೇ ಸ್ಟಾರ್ಟ್ ಮಾಡುವುದು. ಮೊದಲ ಕೆಲವು ಟ್ಯಾಂಕ್ ಇಂಧನ ಜಾಸ್ತಿ ಇರುವ ಸೆಟ್ಟಿಂಗ್‌ನಲ್ಲೇ, ಆದರೆ ಹೆಡ್ 90–100 ಡಿಗ್ರಿಯಿಂದ ಕೆಳಗಿಳಿಯದ ಹಾಗೆ ಓಡಿಸುತ್ತೇನೆ. ಚಳಿಗಾಲದ ಬೆಳಿಗ್ಗೆ ಆದರೆ ಹೆಡ್‌ಗೆ ಅಲ್ಯುಮಿನಿಯಂ ಫಾಯಿಲ್ ಸುತ್ತುತ್ತೇನೆ.

ಪ್ರತಿ ಸಲ ಎಂಜಿನ್ ನಿಲ್ಲಿಸಿದ ಕೂಡಲೇ ಫ್ಲೈವೀಲ್ ತಿರುಗಿಸಿ ಪಿಸ್ಟನ್ ಕೆಳಗೆ ತರುತ್ತೇನೆ. ಪಿಸ್ಟನ್ ಮೇಲ್ತುದಿಯಲ್ಲಿ ಕಚ್ಚಿಕೊಂಡೇ ಎಂಜಿನ್ ತಣ್ಣಗಾದರೆ ಸ್ಲೀವ್ ಅದರ ಸುತ್ತ ಕುಗ್ಗುತ್ತದೆ, ಆ ಬಿಗಿ ಬೇಗ ಸವೆಯುತ್ತದೆ. ಫ್ಲೈವೀಲ್ ಮೇಲೆ ಪೇಂಟ್‌ನಿಂದ ಒಂದು ಚುಕ್ಕೆ ಇಟ್ಟುಕೊಂಡರೆ ಪಿಸ್ಟನ್ ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ.

ಟ್ಯೂನಿಂಗ್‌ಗೆ ಬರೋಣ. ನೀಡಲ್ ಮುಟ್ಟುವ ಮೊದಲು ಹೊಸ ಪ್ಲಗ್ ಹಾಕಿ. ಹಳೆಯದು ಕೆಂಪಗೆ ಉರಿಯಿತು ಅಂತ ನಂಬಬೇಡಿ. ಹೊರಗೆ ಉರಿಯುವ ಪ್ಲಗ್ ಒಳಗೆ ಒತ್ತಡದಲ್ಲಿ ಸೋಲುವುದುಂಟು. ಎರಡನೆಯದು ಟ್ಯಾಂಕ್. ಸೈಲೆನ್ಸರ್‌ನಿಂದ ಬರುವ ಪೈಪ್ ಹೊಗೆಯ ಒತ್ತಡವನ್ನು ಟ್ಯಾಂಕಿಗೆ ತರುತ್ತದೆ. ಇಂಧನವನ್ನು ಕಾರ್ಬ್ಯುರೇಟರ್‌ಗೆ ತಳ್ಳುವುದು ಆ ಒತ್ತಡವೇ. ಮುಚ್ಚಳದ ರಬ್ಬರ್ ರಿಂಗ್ ಸೋರಿದರೆ ಒಂದು ಲ್ಯಾಪ್ ಹಾಗೆ, ಇನ್ನೊಂದು ಲ್ಯಾಪ್ ಹೀಗೆ. ಪರೀಕ್ಷೆ ಸುಲಭ: ಟ್ಯಾಂಕ್ ಬಿಚ್ಚಿ, ಒಂದು ನಳಿಕೆ ಮುಚ್ಚಿ, ಇನ್ನೊಂದರಿಂದ ಸಿರಿಂಜ್‌ನಲ್ಲಿ ಗಾಳಿ ತಳ್ಳುತ್ತಾ ಬಕೆಟ್ ನೀರಿನಲ್ಲಿ ಮುಳುಗಿಸಿ. ಎಲ್ಲಿ ಗುಳ್ಳೆ ಬರುತ್ತದೋ ಅಲ್ಲಿ ಸೋರಿಕೆ. ಬಾಯಿಂದ ಊದಬೇಡಿ, ಮೆಥನಾಲ್ ವಿಷ. ಆಮೇಲೆ ಕಾರ್ಬ್ಯುರೇಟರ್ ಕತ್ತಿನ ಓ–ರಿಂಗ್ ಮತ್ತು ಎಂಜಿನ್ ಹಿಂಬದಿಯ ಪ್ಲೇಟ್. ಅಲ್ಲಿ ಗಾಳಿ ಒಳಗೆ ನುಗ್ಗಿದರೆ ಐಡಲ್ (ಥ್ರಾಟಲ್ ಒತ್ತದಿರುವಾಗಿನ ಮೆಲ್ಲನೆಯ ಓಟ) ನಿಂತಲ್ಲಿ ನಿಲ್ಲುವುದಿಲ್ಲ. ಕೊನೆಗೆ ಕ್ಲಚ್: ಬೆಲ್‌ನ ಬೇರಿಂಗ್ ಜಾಮ್ ಆಗಿದ್ದರೆ ಐಡಲ್‌ನಲ್ಲೇ ಗಾಡಿ ಮುಂದಕ್ಕೆ ಎಳೆದು ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಎಷ್ಟೋ ಜನ ಅದನ್ನೇ ನೀಡಲ್ ತೊಂದರೆ ಅಂದುಕೊಳ್ಳುತ್ತಾರೆ.

ಇಷ್ಟೂ ಸರಿ ಇದ್ದರೆ ನೀಡಲ್. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಮೊದಲು ಹೈ ಸ್ಪೀಡ್ ನೀಡಲ್ (ಜೋರಾಗಿ ಓಡುವಾಗಿನ ಇಂಧನಕ್ಕೆ), ಆಮೇಲೆ ಲೋ ಸ್ಪೀಡ್ (ಮೆಲ್ಲಗೆ ಓಡುವಾಗಿನದಕ್ಕೆ), ಕೊನೆಗೆ ಐಡಲ್ ಸ್ಕ್ರೂ. ಒಂದು ಸಲಕ್ಕೆ ಗಡಿಯಾರದ ಮುಖದ ಮೇಲೆ ಒಂದು ಗಂಟೆಯ ಅಂಕಿಯಿಂದ ಮುಂದಿನದಕ್ಕೆ ಇರುವಷ್ಟೇ ತಿರುಗಿಸಿ, ಎರಡು ಲ್ಯಾಪ್ ಓಡಿಸಿ, ಕೇಳಿ. ಉದ್ದನೆಯ ನೇರ ದಾರಿಯಲ್ಲಿ ದಟ್ಟ ಹೊಗೆ ಬಿಟ್ಟು ಗೊರಗೊರ ಅಂದರೆ ಇಂಧನ ಜಾಸ್ತಿ. ಹೊಗೆಯೇ ಇಲ್ಲದೆ ಕೀರಲು ದನಿಯಲ್ಲಿ ಓಡಿ ತುದಿಗೆ ಬರುತ್ತಾ ಸೋತರೆ ಕಡಿಮೆ. ಓಡುವಷ್ಟು ಹೊತ್ತೂ ತೆಳುವಾದ ನೀಲಿ ಹೊಗೆಯ ಎಳೆ ಕಾಣುತ್ತಲೇ ಇರಬೇಕು.

ಲೋ ಸ್ಪೀಡ್‌ಗೆ ನಾನು ಮಾಡುವುದು ಪಿಂಚ್ ಟೆಸ್ಟ್. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಕಾರ್ಬ್ಯುರೇಟರ್ ಹತ್ತಿರ ಇಂಧನದ ಪೈಪ್ ಹಿಸುಕಿ ಹಿಡಿಯುವುದು. ಎರಡು–ಮೂರು ಸೆಕೆಂಡಿನಲ್ಲಿ ದನಿ ಸ್ವಲ್ಪ ಏರಿ ಎಂಜಿನ್ ನಿಂತರೆ ಸರಿ. ಏರದೆ ಗಕ್ಕನೆ ನಿಂತರೆ ಇಂಧನ ಸಾಲದು. ಏರುತ್ತಾ ಏರುತ್ತಾ ಬಹಳ ಹೊತ್ತು ಓಡಿದರೆ ಜಾಸ್ತಿ. ತಾಪಮಾನದ ಗನ್ ಇಟ್ಟುಕೊಳ್ಳಿ. ನನ್ನ ಎಂಜಿನ್ 100ರಿಂದ 120 ಡಿಗ್ರಿ ನಡುವೆ ಚೆನ್ನಾಗಿರುತ್ತದೆ. ಆದರೆ ಅಂಕಿಯನ್ನು ಬೆನ್ನಟ್ಟಬೇಡಿ. ಪ್ಲಗ್ ಬಿಚ್ಚಿ ತಂತಿ ನೋಡಿ. ಒದ್ದೆಯಾಗಿ ಮಿಂಚುತ್ತಿದ್ದರೆ ನಿಶ್ಚಿಂತೆ. ಬೂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗಿದ್ದರೆ ಗನ್ ಎಷ್ಟೇ ತೋರಿಸಲಿ, ಎಂಜಿನ್ ಒಣಗುತ್ತಿದೆ.

ಟ್ರ್ಯಾಕ್‌ನಲ್ಲಿ ಹುಡುಗರು ಬಂದು ಕೇಳುತ್ತಾರೆ, "ಅಣ್ಣಾ, ನಿಮ್ಮ ನೀಡಲ್ ಎಷ್ಟು ಸುತ್ತು ಓಪನ್ ಇದೆ?" ನಾನು ಹೇಳುವುದು, "ನನ್ನ ಸುತ್ತು ನಿನಗೆ ಬರಲ್ಲ ಕಣೋ, ನಿನ್ನ ಎಂಜಿನ್ ದನಿ ಕೇಳು." ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಕಡಿಮೆ. ಇಲ್ಲಿ ಸರಿ ಹೊಂದಿದ ನೀಡಲ್‌ನಲ್ಲೇ ಮಂಗಳೂರಿನಲ್ಲಿ ಓಡಿಸಿದರೆ ಅಲ್ಲಿನ ದಟ್ಟ ಗಾಳಿಗೆ ಇಂಧನ ಸಾಲದೆ ಎಂಜಿನ್ ಕಾದುಬಿಡುತ್ತದೆ. ಊರು ಬದಲಾಯಿಸಬೇಕಂತಲೂ ಇಲ್ಲ. ತಣ್ಣನೆಯ ಬೆಳಿಗ್ಗೆ ಇಟ್ಟ ಸೆಟ್ಟಿಂಗ್ ಮಧ್ಯಾಹ್ನದ ಬಿಸಿಲಿಗೆ ತೆಳುವಾದ ಗಾಳಿಯಲ್ಲಿ ಇಂಧನ ಜಾಸ್ತಿ ಅನ್ನಿಸುತ್ತದೆ. ಅದಕ್ಕೆ ನೀಡಲ್ ಟೈಟ್ ಮಾಡಿದ್ದರೆ, ಸಂಜೆ ತಂಪಾದಾಗ ಮರೆಯದೆ ವಾಪಸ್ ಸಡಿಲಿಸಬೇಕು. ಇದು ತಪ್ಪಿದರೆ ಎಂಜಿನ್‌ಗೆ ಅಪಾಯ.

ಸಸ್ಪೆನ್ಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕೂ ಶಾಕ್‌ನಿಂದ ಗಾಳಿಗುಳ್ಳೆ ಪೂರ್ತಿ ತೆಗೆಯಿರಿ, ಎಡ–ಬಲ ಒಂದೇ ಉದ್ದ ಇಡಿ. ಅಷ್ಟಾದ ಮೇಲೆ ಗಾಡಿ ಹೇಗೆ ಓಡುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಮುಖ್ಯವಾಗಿ ಟೈರು. ಹಣ ಇದ್ದರೆ ಬಣ್ಣದ ಅಲ್ಯುಮಿನಿಯಂ ಭಾಗಗಳ ಬದಲು ಟೈರಿಗೆ ಹಾಕಿ.

ನಿರ್ವಹಣೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಏರ್ ಫಿಲ್ಟರ್. ನಮ್ಮ ಕೆಂಪು ಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ಅದು ಒಳಗೆ ಹೋಗಿ ಎಣ್ಣೆಯ ಜೊತೆ ಬೆರೆತರೆ ಸ್ಲೀವ್ ಉಜ್ಜುವ ಪೇಸ್ಟ್ ಆಗುತ್ತದೆ. ಒಂದು ಮಧ್ಯಾಹ್ನದಲ್ಲಿ ಎಂಜಿನ್ ಮುಗಿಯಬಹುದು. ಸ್ಪಂಜನ್ನು ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಫಿಲ್ಟರ್ ಎಣ್ಣೆ ಬಿಟ್ಟು, ಮಂಡಕ್ಕಿಗೆ ಎಣ್ಣೆ–ಖಾರ ಹಚ್ಚುವ ಹಾಗೆ ಹೊರಗಿನಿಂದ ಹಿಸುಕುತ್ತೇನೆ. ಎಲ್ಲೂ ಬಿಳಿ ಮಚ್ಚೆ ಉಳಿಯದೆ ಒಂದೇ ಬಣ್ಣ ಬರಬೇಕು. ಕೂರಿಸುವಾಗ ರಬ್ಬರ್ ಕತ್ತಿನ ಒಳಗೆ ಒಂಚೂರು ಗ್ರೀಸ್, ಹೊರಗೆ ಜಿಪ್ ಟೈ. ಹಳೆಯ ಫಿಲ್ಟರ್ ತೆಗೆಯುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ಕೊಡವಿ, ತೆಗೆದ ಮೇಲೆ ಕಾರ್ಬ್ಯುರೇಟರ್ ಬಾಯಿಗೆ ಬಟ್ಟೆ ಮುಚ್ಚಿ. ಮಣ್ಣು ಒಳಗೆ ಬೀಳುವುದು ಜಾಸ್ತಿ ಈ ಹೊತ್ತಿನಲ್ಲೇ.

ದಿನದ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್‌ನಲ್ಲಿ ಉಳಿದದ್ದು ಉರಿದು ನಿಲ್ಲುವ ತನಕ ಸ್ಟಾರ್ಟ್ ಮಾಡಿ, ಕಾರ್ಬ್ಯುರೇಟರ್ ಮತ್ತು ಪ್ಲಗ್ ತೂತಿನಿಂದ ಆಫ್ಟರ್–ರನ್ ಎಣ್ಣೆ (ಓಟದ ನಂತರ ತುಕ್ಕು ತಡೆಯಲು ಹಾಕುವ ಎಣ್ಣೆ) ಹಾಕಿ ಕೈಯಲ್ಲಿ ತಿರುಗಿಸುತ್ತೇನೆ. ಮೆಥನಾಲ್ ಗಾಳಿಯಿಂದ ನೀರು ಹೀರುತ್ತದೆ. ಹಾಗೇ ಬಿಟ್ಟರೆ ಹಿಂದಿನ ಬೇರಿಂಗ್ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಇನ್ನೂ ಬೇಗ. ಇಂಧನದ ಡಬ್ಬಿಯ ಮುಚ್ಚಳವೂ ಬಿಗಿಯಾಗಿರಬೇಕು, ಬಿಸಿಲಿನಿಂದ ದೂರ ಇರಬೇಕು. ಹಗಲಲ್ಲಿ ಮೆಥನಾಲ್ ಉರಿ ಕಣ್ಣಿಗೆ ಕಾಣುವುದೇ ಕಷ್ಟ, ಅದಕ್ಕೆ ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಗಾಡಿ ಸರಿಮಾಡುವ ಜಾಗ) ಬೀಡಿ–ಸಿಗರೇಟ್ ಯಾರಿಗೂ ಬಿಡುವುದಿಲ್ಲ. ಇಂಧನ ಮುಟ್ಟುವಾಗ ಗ್ಲೌಸ್ ಹಾಕಿ, ಅದು ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ.

ಕ್ಲಚ್ ಬೆಲ್ ಬೇರಿಂಗ್ ಅಗ್ಗ. ಅದು ಕರಕರ ಅನ್ನುವ ತನಕ ಕಾಯದೆ ಬದಲಾಯಿಸುತ್ತೇನೆ. ಕನೆಕ್ಟಿಂಗ್ ರಾಡ್ 8–10 ಲೀಟರ್ ಇಂಧನಕ್ಕೊಮ್ಮೆ. ತಣ್ಣಗಿರುವಾಗ ಫ್ಲೈವೀಲ್ ತಿರುಗಿಸಿದರೆ ಮೇಲ್ತುದಿಯಲ್ಲಿ ಹಿಡಿತವೇ ಇಲ್ಲದಿದ್ದರೆ, ಬಿಸಿಯಾದಾಗ ಐಡಲ್ ನಿಲ್ಲದಿದ್ದರೆ, ಪಿಸ್ಟನ್–ಸ್ಲೀವ್ ಮುಗಿದಿದೆ. ಅದನ್ನು ಯಾವ ನೀಡಲ್‌ನಿಂದಲೂ ಸರಿ ಮಾಡಲಾಗದು. ಹೊಸ ಸೆಟ್ ತರಿಸುವಾಗ ರಾಡ್ ಮತ್ತು ಹಿಂದಿನ ಬೇರಿಂಗನ್ನೂ ಜೊತೆಗೇ ತರಿಸಿ, ಒಂದೇ ಸಲ ಬಿಚ್ಚಿ ಮೂರನ್ನೂ ಹಾಕಿಬಿಡಿ.