ಸುಟ್ಟ ಲೈಟ್ ಕೇಬಲ್ ಬಿಸಾಡಲಿಲ್ಲ, ತುದಿ ಕಟ್ಟಿದೆ: ನನ್ನ ಅನುಭವ

ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುತ್ತಾ ಮಾಡುವ ಆಪರೇಷನ್‌ನಲ್ಲಿ, ಬಲ್ಬಿನ ಬೆಳಕು ಒಯ್ಯುವುದು ಲೈಟ್ ಕೇಬಲ್. ತೆಳು ಗಾಜಿನ ಎಳೆಗಳ ಕಟ್ಟು ಅದು, ತುದಿಯಲ್ಲಿ ಸಾಮಾನ್ಯವಾಗಿ ಅಂಟು ಹಾಕಿ ಹಿಡಿಸಿರುತ್ತಾರೆ. ಆ ತುದಿ ಒಮ್ಮೆ ಸುಟ್ಟರೆ ಮುಗೀತು, ಹೊಸದು ತಗೋ ಅಂತ ನನಗೆ ಹೇಳದವರಿಲ್ಲ. ಮಾರುವವರು ಹೇಳಿದರು, ಸರಿ, ಅದು ಅವರ ಹೊಟ್ಟೆಪಾಡು. ಸರ್ವಿಸ್‌ನಲ್ಲಿ ನನಗಿಂತ ಹಳಬರೂ ಅದನ್ನೇ ಹೇಳಿದರು. ಹ್ಯಾಲೊಜೆನ್ ಬಲ್ಬ್ ಮುಂದೆ ಏನೋ ನಡೆದೀತು, 300 ವ್ಯಾಟ್ ಝೆನಾನ್ ಮುಂದೆ ನಿನ್ನ ಅಂಟು ನಿಲ್ಲಲ್ಲ ಅಂತ ನಕ್ಕರು. ಈಗ ನಾನು ತುದಿ ಕಟ್ಟಿದ ಕೇಬಲ್‌ಗಳು ಝೆನಾನ್ ಮೇಲೇ ಓಡುತ್ತಿವೆ, ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್‌ನ 134 ಡಿಗ್ರಿಯನ್ನೂ ತಡೆದುಕೊಂಡಿವೆ. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ಕೇಬಲ್ ತುದಿ ಸುಟ್ಟರೂ ದೂರು ಸಾಮಾನ್ಯವಾಗಿ ಚಿತ್ರ ಸರಿಯಿಲ್ಲ ಅಂತ ಕ್ಯಾಮೆರಾ ಹೆಸರಲ್ಲೇ ಬರುತ್ತದೆ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಸುಮ್ನೆ ಕೂರುವುದಿಲ್ಲ, ಶಟರ್ ಹೆಚ್ಚು ಹೊತ್ತು ತೆರೆಯುತ್ತದೆ, ಅದೂ ಸಾಲದಿದ್ದರೆ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ಏರಿಸುತ್ತದೆ. ಹಾಗಾಗಿ ಚಿತ್ರ ಕಪ್ಪಾಗುವುದಿಲ್ಲ, ಅದರ ಮೇಲೆ ಕಾಳು ಏಳುತ್ತದೆ. ಒಂದು ಆಸ್ಪತ್ರೆಯಲ್ಲಿ ಝೆನಾನ್ ಬಲ್ಬ್ ಬದಲಿಸಿ, ಕ್ಯಾಮೆರಾ ಹೆಡ್ಡನ್ನು ಸರ್ವಿಸ್‌ಗೆ ಕಳಿಸಿ, ಅದು ಏನೂ ತೊಂದರೆ ಇಲ್ಲ ಅಂತ ವಾಪಸ್ ಬಂದ ಮೇಲೆ ಇನ್ನೊಂದು ಬಲ್ಬ್ ಹಾಕಿದ್ದರು. ಆ ಬಲ್ಬ್ ಬಾಳುವುದೇ 500 ಗಂಟೆ ಆಸುಪಾಸು, ಅದರ ಬೆಲೆ ನಿಮಗೂ ಗೊತ್ತು. ಕೇಬಲ್ ತುದಿಯನ್ನು ಮಾತ್ರ ಯಾರೂ ಬಿಚ್ಚಿ ನೋಡಿರಲಿಲ್ಲ. ನಾನು ಮೊದಲು ಆಟೋ ಶಟರ್, ಗೇನ್ ಎರಡನ್ನೂ ಲಾಕ್ ಮಾಡಿಬಿಡುತ್ತೇನೆ. ಆಗ ಎಷ್ಟು ಬೆಳಕು ಬರುತ್ತಿದೆ ಅನ್ನೋದು ಬಯಲಾಗುತ್ತದೆ.

ಒಂದು ತುದಿಯನ್ನು ಟ್ಯೂಬ್‌ಲೈಟ್ ಕಡೆ ಹಿಡಿದು ಇನ್ನೊಂದು ತುದಿ ನೋಡುವ ಪರೀಕ್ಷೆ ಎಲ್ಲರೂ ಮಾಡುವುದೇ. ಕಪ್ಪು ಚುಕ್ಕೆಗಳು ಕಂಡರೆ ಎಳೆಗಳು ಮಧ್ಯದಲ್ಲೆಲ್ಲೋ ಮುರಿದಿವೆ. ಕಾಲು ಭಾಗಕ್ಕಿಂತ ಜಾಸ್ತಿ ಚುಕ್ಕೆ ಇದ್ದರೆ ಅದಕ್ಕೆ ಕೈ ಹಾಕುವುದು ದಂಡ. ಎಳೆಗಳೆಲ್ಲ ಬೆಳಗುತ್ತಿದ್ದು ಮೇಲೆ ಕಂದು ಮಬ್ಬು ಕವಿದಿದ್ದರೆ ಮಾತ್ರ ಅದು ನಮ್ಮ ಕೇಸು. ಅಲ್ಲಿ ಸುಟ್ಟಿರುವುದು ಗಾಜಲ್ಲ, ಎಳೆಗಳ ಸಂದಿಯಲ್ಲಿರುವ ಅಂಟು. 3 ಮೀಟರ್ ಕೇಬಲ್ 1.8 ಮೀಟರಿನದಕ್ಕಿಂತ ಸ್ವಲ್ಪ ಹಳದಿಯಾಗೇ ಕಾಣುತ್ತದೆ. ಗಾಜು ನೀಲಿ ಬೆಳಕನ್ನು ಜಾಸ್ತಿ ನುಂಗುತ್ತದೆ, ಅಷ್ಟೇ. ಅದನ್ನು ಸುಟ್ಟಿದ್ದು ಅಂದುಕೊಳ್ಳಬೇಡಿ.

ಕೆಲಸ ಹೇಳೋಕೆ ಸುಲಭ. ಫಿಟ್ಟಿಂಗ್ ಬಿಚ್ಚಿ, ಹೊದಿಕೆ ಹಿಂದಕ್ಕೆ ಸರಿಸಿ, ಸುಟ್ಟ ಭಾಗವನ್ನು ಡೈಮಂಡ್ ಚಕ್ರದಲ್ಲಿ ಕತ್ತರಿಸಿ, ಎಳೆಗಳನ್ನು ತೊಳೆದು, ಹೊಸ ಫೆರೂಲ್‌ಗೆ (ತುದಿಯ ಲೋಹದ ಕೊಳವೆಗೆ) ಬಿಗಿಯಾಗಿ ತುರುಕಿ, ಅಂಟು ಕುಡಿಸಿ, ಬೇಯಿಸಿ, ಉಜ್ಜಿ ಪಾಲಿಶ್ ಮಾಡುವುದು. ತಲೆ ತಿಂದಿದ್ದು ತುರುಕುವುದು. ಒಂದೊಂದು ಎಳೆ ಸುಮಾರು 50 ಮೈಕ್ರಾನ್, ಕೂದಲಿಗಿಂತ ತೆಳು. ದುಂಡು ಎಳೆಗಳನ್ನು ಎಷ್ಟೇ ಅಚ್ಚುಕಟ್ಟಾಗಿ ಜೋಡಿಸಿದರೂ ಜಾಗ ತುಂಬುವುದು ಹೆಚ್ಚೆಂದರೆ 90 ಪರ್ಸೆಂಟ್ ಚಿಲ್ಲರೆ, ಅದೂ ಲೆಕ್ಕದಲ್ಲಿ. ಕೈಯಲ್ಲಿ ಮಾಡಿದಾಗ ಇನ್ನೂ ಕಡಿಮೆ. ಉಳಿದ ಸಂದಿಗೆ ಬಿದ್ದ ಬೆಳಕೆಲ್ಲ ಅಂಟಿನಲ್ಲಿ ಬಿಸಿಯಾಗುತ್ತದೆ. ಹಾಗಾಗಿ ಸಡಿಲವಾಗಿ ಕಟ್ಟಿದ ತುದಿ ಮಂಕು ಮಾತ್ರ ಅಲ್ಲ, ಬೇಗ ಸುಡುತ್ತದೆ ಕೂಡ. ಅಂಟಿನೊಳಗೆ ಗಾಳಿಗುಳ್ಳೆ ಉಳಿದರೆ ಪಾಲಿಶ್ ಹೊತ್ತಿಗೆ ಎಳೆಗಳ ಅಂಚು ಚಕ್ಕೆ ಏಳುತ್ತದೆ. ಗುಳ್ಳೆ ಹೋಗಲಾಡಿಸಲು ನಾನೊಂದು ಉಪಾಯ ಮಾಡುತ್ತೇನೆ, ಅದನ್ನು ಇಲ್ಲಿ ಹೇಳಲ್ಲ. ವ್ಯಾಕ್ಯೂಮ್ ಅಂತ ನೀವು ಊಹಿಸಿದರೆ ಅದು ಅರ್ಧ ಸರಿ.

ಪಾಲಿಶ್‌ಗೆ 400, 800, 1200 ನಂಬರಿನ ಉಜ್ಜುವ ಪೇಪರ್ ನೀರಿನೊಂದಿಗೆ, ಆಮೇಲೆ ಇನ್ನೂ ನುಣುಪಾದ 9, 3, 1 ಮೈಕ್ರಾನ್ ಪಾಲಿಶ್ ಫಿಲ್ಮ್. ಪ್ರತಿ ಹಂತದ ನಡುವೆ ಚೆನ್ನಾಗಿ ತೊಳೆಯಬೇಕು, ಹಿಂದಿನ ಪೇಪರಿನ ಒಂದು ಕಣ ಉಳಿದರೂ ಗೀರು ಗ್ಯಾರಂಟಿ. ಸೀರಿಯಂ ಆಕ್ಸೈಡ್ ಅನ್ನುವ ಪಾಲಿಶ್ ಪುಡಿ ಹಾಕಿ ಮೆತ್ತನೆ ಬಟ್ಟೆ ಮೇಲೆ ತಿಕ್ಕಿದರೆ ಕಣ್ಣಿಗೆ ಕನ್ನಡಿ ತರಹ ಹೊಳೆಯುತ್ತದೆ, ಬೆಳಕು ಅಳೆಯುವ ಮೀಟರ್ ಮಾತ್ರ ಒಪ್ಪುವುದಿಲ್ಲ. ಗಾಜಿಗಿಂತ ಅಂಟು ಮೆತ್ತಗೆ, ಬಟ್ಟೆ ಅಂಟನ್ನು ಕೆರೆದು ಎಳೆಗಳ ತಲೆ ದುಂಡಗೆ ಮಾಡುತ್ತದೆ. ಗಟ್ಟಿ ಗಾಜಿನ ಮೇಲೆ ಫಿಲ್ಮ್ ಅಂಟಿಸಿ ಉಜ್ಜುವುದೇ ಮೇಲು.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಝೆನಾನ್ ಮುಂದೆ ಕೆಲವೇ ವಾರದಲ್ಲಿ ಅದೇ ಕಂದು ಕಲೆ. ನಕ್ಕವರಿಗೆ ಹಬ್ಬ. ಅಂಟು ಬದಲಿಸಿದೆ, ಇನ್ನೂ ದುಬಾರಿ ಅಂಟು ತರಿಸಿದೆ. ಆ ಪ್ಯಾಕೆಟ್ ಒಮ್ಮೆ ಕಲಸಿದರೆ ಮುಗೀತು, ಚಿಟಿಕೆ ಬಳಸಿ ಉಳಿದದ್ದು ಬಿಸಾಡಬೇಕು. ಆ ಹೊತ್ತಿಗೆ ಖರ್ಚು ಮಾಡಿದ ದುಡ್ಡಲ್ಲಿ ಎರಡು ಹೊಸ ಕೇಬಲ್ ಬರುತ್ತಿತ್ತು ಅಂತ ಮನೆಯಲ್ಲೂ ಮಾತು ಕೇಳಿದ್ದಾಯಿತು.

ದುಬಾರಿ ಕೇಬಲ್‌ಗಳಲ್ಲಿ ಬಿಸಿ ತುದಿಯ, ಅಂದರೆ ಬಲ್ಬಿನ ಕಡೆಯ, ಎಳೆಗಳನ್ನು ಅಂಟಿಲ್ಲದೆ ಬಿಸಿಯಲ್ಲೇ ಒತ್ತಿ ಬೆಸೆದಿರುತ್ತಾರೆ. ಸಂದಿಯೇ ಇಲ್ಲ, ಸುಡಲು ಅಂಟೂ ಇಲ್ಲ. ಆ ಕುಲುಮೆ ನನ್ನ ಹತ್ತಿರ ಎಲ್ಲಿಂದ ಬರಬೇಕು? ಹಾಗಾದರೆ ಅಂಟನ್ನೇ ಬಿಸಿಯಿಂದ ದೂರ ಇಡೋಣ ಅನ್ನಿಸಿತು. ಎಳೆಗಳನ್ನು ಇನ್ನೂ ಎರಡು ಸೆಂಟಿಮೀಟರ್ ಹಿಂದಕ್ಕೆ ಕತ್ತರಿಸಿ, ಆ ಜಾಗದಲ್ಲಿ ಕ್ಲ್ಯಾಡಿಂಗ್ (ಬೆಳಕು ಪಕ್ಕಕ್ಕೆ ಸೋರದಂತೆ ತಡೆಯುವ ಹೊರಪದರ) ಇರುವ ಗಾಜಿನ ಕಡ್ಡಿ ಇಟ್ಟೆ. ಬಲ್ಬಿನ ಬೆಳಕು ಚುಕ್ಕೆಯಾಗಿ ಬೀಳುವುದು ಈಗ ಕಡ್ಡಿಯ ಮೇಲೆ. ಕಡ್ಡಿ ದಾಟುವಷ್ಟರಲ್ಲಿ ಆ ಚುಕ್ಕೆ ಹರಡಿಕೊಂಡು ಎಳೆಗಳಿಗೆ ಸಮನಾಗಿ ಸಿಗುತ್ತದೆ. ಗಾಜು ಗಾಳಿ ಸೇರುವ ಎರಡು ಮುಖ ಜಾಸ್ತಿಯಾದವು, ಒಂದೊಂದಕ್ಕೆ ಸುಮಾರು 4 ಪರ್ಸೆಂಟ್ ನಷ್ಟ. ಹೋದರೆ ಹೋಗಲಿ ಬಿಡಿ. ಕಡ್ಡಿಗೂ ಎಳೆಗಳಿಗೂ ಮಧ್ಯೆ ಅಂಟು ಹಾಕಬೇಡಿ, ಹಾಕಿದರೆ ಕಥೆ ಮತ್ತೆ ಮೊದಲಿಂದ. ಕಡ್ಡಿಯ NA (ಎಷ್ಟು ಓರೆಯಾಗಿ ಬಂದ ಬೆಳಕನ್ನು ಒಳಗೆ ಹಿಡಿಯುತ್ತದೆ ಅನ್ನುವ ಅಳತೆ) ಎಳೆಗಳದ್ದಕ್ಕಿಂತ ಕಡಿಮೆ ಇರಬಾರದು. ಬಿಸಿಗೆ ಲೋಹ ಹಿಗ್ಗಿದಾಗ ಕಡ್ಡಿ ಬಿರುಕು ಬಿಡದಂತೆ ಹಿಡಿಸುವುದು ಹೇಗೆ ಅನ್ನೋದು ನನ್ನ ಅನ್ನದ ವಿಷಯ, ಅದನ್ನು ಕೇಳಬೇಡಿ.

ಅಳತೆಗೆ ಒಳಗೆ ಕಪ್ಪು ಬಳಿದ ಪೈಪು, ಅದರ ತುದಿಗೆ ಲಕ್ಸ್ ಮೀಟರ್. ಬಲ್ಬ್ ಕಾಲು ಗಂಟೆ ಉರಿದ ಮೇಲೆ, ಹೊಸ ಕೇಬಲ್ ಪಕ್ಕದಲ್ಲಿಟ್ಟುಕೊಂಡೇ ಅಳೆಯುವುದು. ನೆನಪಿನಿಂದ ಹೇಳುತ್ತೇನೆ: ಸುಟ್ಟ ಕೇಬಲ್ ಹೊಸದರ ನಲವತ್ತು ಪರ್ಸೆಂಟ್ ಕೊಡುತ್ತಿತ್ತು, ಕಟ್ಟಿದ ಮೇಲೆ ಎಂಬತ್ತರ ಹತ್ತಿರ. ಆಟೋಕ್ಲೇವ್ ಸುತ್ತುಗಳಾದ ಮೇಲೆ ಒಂದೆರಡು ಇಳಿದಿರಬಹುದು. ಕ್ಯಾಮೆರಾ ಗೇನ್ ಕೆಳಗಿಳಿಯಿತು, ಕಾಳು ಮಾಯ. ಈಗ ಕೈ ಪಳಗಿದೆ, ಒಂದು ಹೊಸ ಕೇಬಲ್ ಬೆಲೆಯಲ್ಲಿ ಏಳೆಂಟಾದರೂ ಕಟ್ಟುತ್ತೇನೆ. ಲೀಕೇಜ್ ಕರೆಂಟ್, ತುದಿಯ ಬಿಸಿ, ಸೀಲ್ ಮೂರೂ ನೋಡಿ, ಆಸ್ಪತ್ರೆಯ ಬಯೋಮೆಡಿಕಲ್‌ನವರು ಸಹಿ ಹಾಕದೆ ಒಂದನ್ನೂ ಥಿಯೇಟರ್ ಒಳಗೆ ಬಿಟ್ಟಿಲ್ಲ.

ನಡುವೆ ಝೆನಾನ್ ತೆಗೆದು ಎಲ್‌ಇಡಿ ಹಾಕುವ ಹುಚ್ಚೂ ಹತ್ತಿತ್ತು. ದೊಡ್ಡ ಚಿಪ್ ತಂದರೆ ಬೆಳಕು ಜಾಸ್ತಿ ಅಂತ ಎಲ್ಲರ ಲೆಕ್ಕ. ಚಿಪ್ ಕೇಬಲ್ ಬಾಯಿಗಿಂತ ದೊಡ್ಡದಾದರೆ ಹೊರಗೆ ಚೆಲ್ಲಿದ್ದು ಚೆಲ್ಲಿದ್ದೇ, ಯಾವ ಲೆನ್ಸ್ ಇಟ್ಟರೂ ಒಳಗೆ ತುಂಬಲಾಗುವುದಿಲ್ಲ. ಚಿಕ್ಕದಾಗಿದ್ದು ಪ್ರಖರವಾಗಿರುವ ಚಿಪ್ ಬೇಕು. ಅದನ್ನು ಹಾಕಿ ಬೆಳಕು ತಗ್ಗಿಸಿದರೆ ಪರದೆ ಮೇಲೆ ಕಪ್ಪು ಅಡ್ಡ ಪಟ್ಟಿಗಳು! ಎಲ್‌ಇಡಿಗೆ ಕರೆಂಟ್ ಕೊಡುವ ಡ್ರೈವರ್ ಬೆಳಕು ತಗ್ಗಿಸಲು ಅದನ್ನು ವೇಗವಾಗಿ ಆರಿಸಿ ಹೊತ್ತಿಸುತ್ತಿತ್ತು (ಇದಕ್ಕೆ PWM ಅನ್ನುತ್ತಾರೆ), CMOS ಸೆನ್ಸರ್‌ನ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುತ್ತಿತ್ತು. ಕರೆಂಟನ್ನೇ ಏರಿಸಿ ಇಳಿಸುವ ಡ್ರೈವರ್ ಹಾಕಿದ ಮೇಲೆ ಪಟ್ಟಿ ಹೋಯಿತು. ಗಾಢ ಕೆಂಪು ಮಾತ್ರ ಝೆನಾನ್‌ನಷ್ಟು ಚೆನ್ನಾಗಿ ಕಾಣಲ್ಲ ಅಂತ ಸರ್ಜನ್ ಗೊಣಗಿದರು, ಅವರ ಮಾತು ಸರಿಯೇ. ಕೆಂಪು ಚಿಪ್ಪೊಂದನ್ನು ಜೊತೆಗೆ ಸೇರಿಸಿ ನೋಡುತ್ತಿದ್ದೇನೆ, ಎರಡೂ ಬಣ್ಣ ಇನ್ನೂ ಸರಿಯಾಗಿ ಬೆರೆತಿಲ್ಲ.