ಮಕ್ಕಳಿಗೆ ಕಬ್ಬಿಣಾಂಶದ ಸಿರಪ್: ಚಮಚವಲ್ಲ, ಮಿಲಿಗ್ರಾಂ ನೋಡಿ

ವೈದ್ಯರು ಬರೆದುಕೊಟ್ಟ ಐರನ್ ಸಿರಪ್ ಸಿಗದಿದ್ದಾಗ ಔಷಧ ಅಂಗಡಿಯವರು ಅದರ ಬದಲಿಗೆ ಇನ್ನೊಂದು ಬಾಟಲಿ ಕೊಡುವುದುಂಟು. ಎರಡೂ ಕಬ್ಬಿಣಾಂಶದ ಔಷಧವೇ ಆದರೂ ಒಂದೊಂದು ಚಮಚದಲ್ಲಿರುವ ಕಬ್ಬಿಣದ ಪ್ರಮಾಣ ಬೇರೆ ಬೇರೆ. ಆದ್ದರಿಂದ ಮೊದಲು ಲೇಬಲ್ ಓದಬೇಕು. ಫೆರಸ್ ಆಸ್ಕಾರ್ಬೇಟ್, ಐರನ್ ಪಾಲಿಮಾಲ್ಟೋಸ್ ಮುಂತಾದ ಹೆಸರಿನ ಜೊತೆಗೆ ‘ಎಲಿಮೆಂಟಲ್ ಐರನ್’ (ಅಂದರೆ ಔಷಧದಲ್ಲಿರುವ ಶುದ್ಧ ಕಬ್ಬಿಣ) ಎಷ್ಟು ಮಿಲಿಗ್ರಾಂ ಎಂದು ಮುದ್ರಿಸಿರುತ್ತಾರೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ ಅಂಕಿಯನ್ನೇ.

ರಕ್ತಹೀನತೆಯ ಚಿಕಿತ್ಸೆಗೆ ಸಾಮಾನ್ಯವಾಗಿ ದಿನಕ್ಕೆ, ಪ್ರತಿ ಕಿಲೋ ತೂಕಕ್ಕೆ 3 ಮಿಲಿಗ್ರಾಂನಂತೆ ಆರಂಭಿಸುತ್ತಾರೆ. 12 ಕಿಲೋ ತೂಗುವ ಮಗುವಿಗೆ ಅದು 36 ಮಿಲಿಗ್ರಾಂ. 5 ಮಿ.ಲೀ.ನಲ್ಲಿ 30 ಮಿಲಿಗ್ರಾಂ ಇರುವ ಸಿರಪ್ ಆದರೆ 6 ಮಿ.ಲೀ. ಕೊಡಬೇಕಾಗುತ್ತದೆ, 50 ಮಿಲಿಗ್ರಾಂ ಇರುವುದಾದರೆ 3.6 ಮಿ.ಲೀ. ಸಾಕು. ಡ್ರಾಪ್ಸ್ ಇನ್ನೂ ಗಾಢವಾಗಿರುವುದರಿಂದ ಅದನ್ನು ಸಿರಪ್ಪಿನ ಅಳತೆಯಲ್ಲಿ ಕೊಡಲೇಬಾರದು. ಬಾಟಲಿ ಬದಲಾದರೆ ಹೊಸ ಅಳತೆಯನ್ನು ವೈದ್ಯರಿಂದಲೇ ಕೇಳಿ ಬರೆಸಿಕೊಳ್ಳಿ. ಅಡುಗೆಮನೆಯ ಚಮಚ ಬಿಟ್ಟು, ಗೆರೆ ಹಾಕಿದ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಿ.

‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಡಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿಗೆ ಕೊಡುವ ಸಿರಪ್ ಚಿಕಿತ್ಸೆಗಲ್ಲ, ರಕ್ತಹೀನತೆ ಬಾರದಂತೆ ತಡೆಯಲು. ಅದರ 1 ಮಿ.ಲೀ.ನಲ್ಲೇ 20 ಮಿಲಿಗ್ರಾಂ ಕಬ್ಬಿಣವಿದ್ದು, ವಾರಕ್ಕೆ ಎರಡು ಬಾರಿ 1 ಮಿ.ಲೀ. ಮಾತ್ರ ಕೊಡಬೇಕು. ವೈದ್ಯರು ಬೇರೆ ಐರನ್ ಔಷಧ ಬರೆಯುತ್ತಿದ್ದರೆ ಇದನ್ನೂ ಅವರ ಗಮನಕ್ಕೆ ತನ್ನಿ. ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಿಗೆ ಇದೇ ಕಾರ್ಯಕ್ರಮದಲ್ಲಿ ವಾರಕ್ಕೊಂದು ನೀಲಿ ಮಾತ್ರೆಯಿದೆ. ಆ ವಯಸ್ಸಿಗೆ ಸಿರಪ್ ಬೇಕಾಗುವುದು ಹೆಚ್ಚಾಗಿ ಮಾತ್ರೆ ನುಂಗಲಾಗದವರಿಗೆ.

ಕೊಡುವ ಹೊತ್ತೂ ಮುಖ್ಯ. ಬೆಳಿಗ್ಗೆ ಹಾಲಿನ ಲೋಟದೊಂದಿಗೇ ಔಷಧ ಮುಗಿಸಿಬಿಡುವುದು ನಮ್ಮ ಮನೆಗಳ ರೂಢಿ. ಆದರೆ ಹಾಲು, ಚಹಾ, ಕಾಫಿ ಮೂರೂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಊಟವಾಗಿ ಒಂದೆರಡು ಗಂಟೆಯ ನಂತರ ಕೊಟ್ಟು, ಜೊತೆಗೆ ನಿಂಬೆ ಪಾನಕವನ್ನೋ ಸೀಬೆಹಣ್ಣನ್ನೋ ಕೊಡುವುದು ಒಳ್ಳೆಯದು. ಐರನ್ ಪಾಲಿಮಾಲ್ಟೋಸ್ ಮಾತ್ರ ಊಟದೊಂದಿಗೇ ಆಗಬಹುದು. ಹಲ್ಲು ಕಪ್ಪಾಗದಿರಲು ಸಿರಿಂಜ್ ತುದಿಯನ್ನು ನಾಲಿಗೆಯ ಹಿಂಭಾಗಕ್ಕೆ ಹಿಡಿದು ನಿಧಾನವಾಗಿ ಒತ್ತಿ, ಮೇಲೆ ನೀರು ಕುಡಿಸಿ. ದೊಡ್ಡ ಮಕ್ಕಳಿಗೆ ಸ್ಟ್ರಾ ಸಾಕು. ಮಲ ಕಪ್ಪಾಗುವುದಕ್ಕೆ ಗಾಬರಿ ಬೇಡ. ಮಲಬದ್ಧತೆ ಅಥವಾ ಹೊಟ್ಟೆನೋವು ಕಾಡಿದರೆ ನೀವೇ ನಿಲ್ಲಿಸುವ ಬದಲು ವೈದ್ಯರಿಗೆ ತಿಳಿಸಿ.

ತಿಂಗಳಲ್ಲಿ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರಬೇಕು. ಏರದಿದ್ದರೆ ಡೋಸ್ ತಪ್ಪುತ್ತಿದೆಯೇ, ಜಂತುಹುಳು ಇದೆಯೇ, ಥಲಸ್ಸೇಮಿಯಾದಂತಹ (ವಂಶವಾಹಿಯಾಗಿ ಬರುವ ರಕ್ತದ ಕಾಯಿಲೆ) ಬೇರೆ ಕಾರಣವಿದೆಯೇ ಎಂದು ವೈದ್ಯರು ನೋಡುತ್ತಾರೆ. ಏರಿದ ಮೇಲೂ ಮೈಯೊಳಗಿನ ದಾಸ್ತಾನು ತುಂಬಲು ಎರಡು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ.

ಸಿಹಿಯಾಗಿದೆಯೆಂದು ಮಕ್ಕಳು ಬಾಟಲಿಯನ್ನೇ ಎತ್ತಿ ಕುಡಿಯುವ ಅಪಾಯವೂ ಇದೆ. ಕಾರ್ಯಕ್ರಮದ 50 ಮಿ.ಲೀ. ಬಾಟಲಿಯಲ್ಲಿರುವುದು 1000 ಮಿಲಿಗ್ರಾಂ ಕಬ್ಬಿಣ. 12 ಕಿಲೋ ಮಗುವಿಗೆ ಅದು ಪ್ರತಿ ಕಿಲೋಗೆ 83 ಮಿಲಿಗ್ರಾಂ ಆಗುತ್ತದೆ. 60 ದಾಟಿದರೆ ಪ್ರಾಣಕ್ಕೇ ಅಪಾಯ. ಬಾಟಲಿಯನ್ನು ಬೀಗ ಹಾಕುವ ಕಪಾಟಿನಲ್ಲಿಡಿ. ಕುಡಿದುಬಿಟ್ಟಿದ್ದರೆ ವಾಂತಿ ಮಾಡಿಸುವ ಪ್ರಯತ್ನ ಬೇಡ, ಮಗು ಸುಧಾರಿಸಿದಂತೆ ಕಂಡರೂ ಕಾಯದೆ, ಆ ಬಾಟಲಿಯನ್ನು ಜೊತೆಗೆ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ.