ಹನ್ನೆರಡೇ ಪ್ಲೇಗಳ ಆಫೆನ್ಸ್: ಮ್ಯಾಡನ್ ಆಟದಲ್ಲಿ ನನ್ನ ಅನುಭವ

ಡಲ್ಲಾಸ್ ಸುತ್ತಮುತ್ತಲಿನ ಗೆಳೆಯರು ಸೇರಿ ನಡೆಸುವ ಮ್ಯಾಡನ್ ಎಂಬ ಅಮೆರಿಕನ್ ಫುಟ್‌ಬಾಲ್ ವಿಡಿಯೋ ಗೇಮ್‌ನ ನಮ್ಮ ಫ್ರ್ಯಾಂಚೈಸ್ ಲೀಗ್‌ನಲ್ಲಿ ಈ ಸಲ ನನ್ನ ತಂಡ ಫೈನಲ್ ಗೆದ್ದಿತು. ಇಡೀ ಸೀಸನ್ ನಾನು ಎರಡೇ ಫಾರ್ಮೇಷನ್‌ಗಳನ್ನೂ (ಆಟಗಾರರು ನಿಲ್ಲುವ ರಚನೆ) ಹನ್ನೆರಡೇ ಪ್ಲೇಗಳನ್ನೂ (ಯಾರು ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿದ ನಡೆ) ಇಟ್ಟುಕೊಂಡು ಆಡಿದೆ. ಈ ಯೋಚನೆಯನ್ನು ಮೊದಲು ಹೇಳಿದಾಗ, ಎರಡನೇ ಕ್ವಾರ್ಟರ್ ಮುಗಿಯುವಷ್ಟರಲ್ಲಿ ನನ್ನ ಆಟವೆಲ್ಲ ಬಯಲಾಗುತ್ತದೆ ಎಂದವರೇ ಹೆಚ್ಚು. ಹಿಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ ಸುಮಾರು 17 ಅಂಕ ಗಳಿಸುತ್ತಿದ್ದ ಅದೇ ತಂಡ, ಹೆಚ್ಚುಕಡಿಮೆ ಅದೇ ಆಟಗಾರರೊಂದಿಗೆ, ಈ ಸಲ 30ರ ಆಸುಪಾಸಿನಲ್ಲಿ ಗಳಿಸಿತು. ಇದು ಹೇಗಾಯಿತೆಂದು ಲೀಗ್‌ನ ಐದಾರು ಕನ್ನಡಿಗ ಗೆಳೆಯರು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಕವರ್ 2, ಕವರ್ 3 (ಆಳದ ಜಾಗವನ್ನು ಇಬ್ಬರು ಅಥವಾ ಮೂವರು ಹಂಚಿಕೊಂಡು ಕಾಯುವ ಡಿಫೆನ್ಸ್‌ಗಳು) ಇಂಥ ಪದಗಳನ್ನು ಹೊಸಬರಿಗಾಗಿ ಅಲ್ಲಲ್ಲಿ ಚುಟುಕಾಗಿ ಹೇಳುತ್ತಲೇ ಮುಂದುವರಿಯುತ್ತೇನೆ.

ಮೊದಲು ಹಣದ ವಿಷಯ. ಈ ಸೀಸನ್‌ಗೂ ಹಿಂದಿನ ಎರಡು ಮೂರು ವರ್ಷ ನಾನು "ಯಾರೂ ತಡೆಯಲಾಗದ ಪ್ಲೇಗಳು" ಎಂದು ಆನ್‌ಲೈನ್‌ನಲ್ಲಿ ಮಾರುವ ಕೈಪಿಡಿಗಳನ್ನು ಕೊಳ್ಳುತ್ತಿದ್ದೆ. ಒಂದೊಂದಕ್ಕೆ 20ರಿಂದ 30 ಡಾಲರ್, ಜೊತೆಗೆ ಒಬ್ಬ ಮಾರಾಟಗಾರನ ಬಳಿ ತಿಂಗಳ ಚಂದಾ. ಎಲ್ಲ ಸೇರಿ 250 ಡಾಲರ್ ದಾಟಿರಬೇಕು. ಆ ಪ್ಲೇಗಳು ಸುಳ್ಳಾಗಿರಲಿಲ್ಲ, ಕೆಲವು ವಾರ ನಿಜವಾಗಿಯೂ ನಡೆಯುತ್ತಿದ್ದವು. ಆದರೆ ಅವು ನಿಂತಿದ್ದುದು ಡಿಫೆನ್ಸ್‌ನ ಯಾವುದೋ ಒಬ್ಬ ಆಟಗಾರ ಕಂಪ್ಯೂಟರ್ ಲೆಕ್ಕದಲ್ಲಿ ತಪ್ಪು ಕಡೆಗೆ ತಿರುಗುತ್ತಾನೆ ಎಂಬುದರ ಮೇಲೆ. ಆಟಕ್ಕೆ ಮುಂದಿನ ತಿದ್ದುಪಡಿ ಬಂದು ಆ ಆಟಗಾರ ಸರಿಯಾದ ಕಡೆಗೆ ತಿರುಗಿದ ದಿನವೇ ಕೊಟ್ಟ ದುಡ್ಡು ನೀರಿನಲ್ಲಿ ಹೋಮವಾಗುತ್ತಿತ್ತು. ಚಂದಾ ನಿಲ್ಲಿಸಲು ಕೇಳಿಕೊಂಡರೂ ಆ ಮಾರಾಟಗಾರ ಇನ್ನೂ ಎರಡು ತಿಂಗಳ ಹಣ ಎಳೆದುಕೊಂಡ. ಅದು ವಾಪಸು ಬರಲಿಲ್ಲ. ಈಗಿನ ವಿಧಾನಕ್ಕೆ ಆಟದ ಬೆಲೆಯಾದ 70 ಡಾಲರ್ ಮತ್ತು ಒಂದು ನೋಟ್‌ಬುಕ್ ಬಿಟ್ಟರೆ ಬೇರೆ ಖರ್ಚಿಲ್ಲ. ಲೀಗ್‌ಗೆ ತಲಾ 20 ಡಾಲರ್ ಪ್ರವೇಶಶುಲ್ಕವಿದೆ. ಈ ಸಲ ಬಂದ ಬಹುಮಾನದಲ್ಲಿ ಹಳೆಯ ನಷ್ಟದ ದೊಡ್ಡ ಪಾಲು ತುಂಬಿಕೊಂಡಿತು.

ನನಗೆ ದಾರಿ ಸಿಕ್ಕಿದ್ದು ನಿಜವಾದ ಫುಟ್‌ಬಾಲ್ ತರಬೇತುದಾರರ ಕೆಲಸದಿಂದ. ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ತಂಡಕ್ಕೆ 1979ರಲ್ಲಿ ಬಂದು ಮೂರು ಸೂಪರ್ ಬೌಲ್ ಗೆದ್ದ ಬಿಲ್ ವಾಲ್ಷ್, ಪಂದ್ಯದ ಆರಂಭದ ಹದಿನೈದು ಇಪ್ಪತ್ತು ಪ್ಲೇಗಳನ್ನು ಪಂದ್ಯಕ್ಕೆ ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದರು. ಗದ್ದಲದ ನಡುವೆ ಯೋಚಿಸುವುದಕ್ಕಿಂತ ಶಾಂತವಾಗಿ ಕುಳಿತು ಯೋಚಿಸಿದ್ದು ಮೇಲು ಎಂಬುದು ಅದರ ಒಂದು ಕಾರಣ. ತಮ್ಮ ಪ್ರತಿಯೊಂದು ನಿಲುವಿಗೂ ಎದುರಾಳಿಯ ಉತ್ತರವೇನೆಂದು ಬೇಗ ತಿಳಿಯುತ್ತದೆ ಎಂಬುದು ಇನ್ನೊಂದು. ಟೆಕ್ಸಸ್ ಟೆಕ್‌ನಲ್ಲಿ ತರಬೇತುದಾರರಾಗಿದ್ದ ಮೈಕ್ ಲೀಚ್ ಅವರ ಏರ್ ರೇಡ್ ಪದ್ಧತಿಯಲ್ಲಂತೂ ಪ್ಲೇಗಳ ಸಂಖ್ಯೆಯೇ ಕಡಿಮೆ. ಇದ್ದವನ್ನೇ ಕಣ್ಣು ಮುಚ್ಚಿ ಆಡುವಷ್ಟು ಅಭ್ಯಾಸ ಮಾಡಿಸುತ್ತಿದ್ದರು. ಇವೆರಡನ್ನೂ ನಾನು ಕೂಡಿಸಿದೆ.

ನನ್ನ ಎರಡು ಫಾರ್ಮೇಷನ್‌ಗಳು ಗನ್ ಬಂಚ್ ಮತ್ತು ಸಿಂಗಲ್‌ಬ್ಯಾಕ್ ಬಂಚ್. ಬಂಚ್ ಎಂದರೆ ಮೂವರು ಒಂದೇ ಕಡೆ ಒತ್ತಾಗಿ ನಿಲ್ಲುವುದು; ಗನ್‌ನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕೆಲವು ಹೆಜ್ಜೆ ಹಿಂದೆ ನಿಲ್ಲುತ್ತಾನೆ, ಸಿಂಗಲ್‌ಬ್ಯಾಕ್‌ನಲ್ಲಿ ಲೈನ್‌ಮನ್‌ಗಳ ಬೆನ್ನಿಗೇ. ಎರಡರಲ್ಲೂ ಒಬ್ಬ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು), ಒಬ್ಬ ಟೈಟ್ ಎಂಡ್ (ಎದುರಾಳಿಯನ್ನು ತಡೆಯುವವನು, ಪಾಸ್ ಹಿಡಿಯುವವನೂ ಹೌದು), ಮೂವರು ರಿಸೀವರ್ (ಪಾಸ್ ಹಿಡಿಯುವವರು). ಪ್ಲೇ ಆರಿಸುವಾಗ ಎದುರಾಳಿಗೆ ನಮ್ಮ ಆಟಗಾರರ ಗುಂಪು ಯಾವುದೆಂದು ಪರದೆಯ ಮೇಲೆ ಕಾಣುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಇಬ್ಬರು ಟೈಟ್ ಎಂಡ್‌ಗಳನ್ನು ಕರೆದರೆ ಓಟ ಬರುತ್ತದೆಂದು ಅವನು ಊಹಿಸುತ್ತಾನೆ. ನಾಲ್ವರು ರಿಸೀವರ್‌ಗಳನ್ನು ಕರೆದರೆ ಪಾಸ್ ಎಂದು ಊಹಿಸುತ್ತಾನೆ. ಗುಂಪು ಬದಲಾಗದಿದ್ದರೆ ಆ ಸುಳಿವು ಅವನಿಗೆ ಪಂದ್ಯಪೂರ್ತಿ ಸಿಗುವುದಿಲ್ಲ. ಸಿಂಗಲ್‌ಬ್ಯಾಕ್‌ನಿಂದ ಮೂರು ಓಟ ಮತ್ತು ಎರಡು ಪ್ಲೇ ಆ್ಯಕ್ಷನ್ (ಓಟದಂತೆ ನಟಿಸಿ ಕೊಡುವ ಪಾಸ್). ಗನ್‌ನಿಂದ ಇನ್‌ಸೈಡ್ ಝೋನ್ ಮತ್ತು ಡ್ರಾ ಎಂಬ ಓಟಗಳು, ಸ್ಕ್ರೀನ್, ಮೆಶ್, ಫ್ಲಡ್, ಸ್ಪೇಸಿಂಗ್, ವರ್ಟಿಕಲ್ಸ್ (ರಿಸೀವರ್‌ಗಳು ನೇರ ಆಳಕ್ಕೆ ಓಡುವುದು) ಎಂಬ ಪಾಸ್‌ಗಳು. ಪ್ರತಿಯೊಂದು ಪ್ಲೇಗೂ ಮೊದಲ ಒಂದು ಸೆಕೆಂಡ್ ಅದರಂತೆಯೇ ಕಾಣುವ ಜೋಡಿಯೊಂದಿದೆ. ಬಂಚ್ ಕಡೆಗೆ ಔಟ್‌ಸೈಡ್ ಝೋನ್ ಎಂಬ ಓಟ ಆಡಿದರೆ, ಅದೇ ಚಲನೆಯಿಂದ ಕ್ವಾರ್ಟರ್‌ಬ್ಯಾಕ್ ವಿರುದ್ಧ ದಿಕ್ಕಿಗೆ ಓಡುವ ಬೂಟ್ ಇದೆ. ವರ್ಟಿಕಲ್ಸ್‌ಗೆ ಡ್ರಾ ಇದೆ. ಫ್ಲಡ್‌ಗೆ ಸ್ಕ್ರೀನ್ ಇದೆ. ಜೋಡಿಯಿಲ್ಲದ ಪ್ಲೇ ಎಷ್ಟೇ ಚೆನ್ನಾಗಿದ್ದರೂ ನಾನು ಅದನ್ನು ಕಸ್ಟಮ್ ಪ್ಲೇಬುಕ್‌ಗೆ ಸೇರಿಸಲಿಲ್ಲ.

ಇವುಗಳಲ್ಲಿ ಅನ್ನ ಹಾಕಿದ್ದು ಫ್ಲಡ್, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹೊರಗಿನ ರಿಸೀವರ್ ನೇರವಾಗಿ ಆಳಕ್ಕೆ ಓಡುತ್ತಾನೆ, ಮಧ್ಯದವನು ಹನ್ನೆರಡು ಹದಿನೈದು ಯಾರ್ಡ್ ಓಡಿ ಅಂಚಿನ ಕಡೆಗೆ ಓರೆಯಾಗಿ ತಿರುಗುತ್ತಾನೆ, ಮೂರನೆಯವನು ಫ್ಲಾಟ್‌ಗೆ (ಅಂಚಿನ ಕಡೆಯ, ಆಳವಿಲ್ಲದ ಜಾಗ) ಬರುತ್ತಾನೆ. ಸ್ನ್ಯಾಪ್‌ಗೆ (ಚೆಂಡು ಆಟಕ್ಕೆ ಬರುವ ಕ್ಷಣ) ಮೊದಲು ಒಬ್ಬ ರಿಸೀವರ್‌ನನ್ನು ಮೋಷನ್‌ನಲ್ಲಿ, ಅಂದರೆ ಅಡ್ಡಲಾಗಿ ಇನ್ನೊಂದು ಕಡೆಗೆ, ಕಳುಹಿಸುತ್ತೇನೆ. ಅವನ ಹಿಂದೆ ಡಿಫೆಂಡರ್ ಒಬ್ಬ ಮೈದಾನದ ಆಚೆ ಬದಿಯವರೆಗೂ ಹಿಂಬಾಲಿಸಿದರೆ ಬಹುಪಾಲು ಮ್ಯಾನ್ (ಒಬ್ಬನಿಗೆ ಒಬ್ಬ ಕಾವಲು), ಹಿಂಬಾಲಿಸದಿದ್ದರೆ ಝೋನ್ (ತಮ್ಮ ತಮ್ಮ ಜಾಗದ ಕಾವಲು). ಝೋನ್ ಎಂದು ಕಂಡರೆ ಸ್ನ್ಯಾಪ್ ಆದ ಕೂಡಲೇ ನೋಡುವುದು ಆ ಕಡೆಯ ಕಾರ್ನರ್‌ಬ್ಯಾಕ್ (ಅಂಚಿನಲ್ಲಿ ರಿಸೀವರ್‌ಗಳನ್ನು ಕಾಯುವ ಡಿಫೆಂಡರ್) ಒಬ್ಬನನ್ನೇ. ಅವನು ಆಳಕ್ಕೆ ಓಡುವವನ ಜೊತೆ ಹಿಂದೆ ಸರಿದರೆ ಅದು ಕವರ್ 3 ಇದ್ದೀತು. ಆಗ ಫ್ಲಾಟ್ ಕಾಯುವವನು ಒಬ್ಬನೇ, ಅವನ ಮುಂದೆ ಒಬ್ಬ ರಿಸೀವರ್, ಹಿಂದೆ ಒಬ್ಬ. ಅವನು ಮುಂದೆ ಬಂದರೆ ಹಿಂದಿನವನಿಗೆ, ಹಿಂದೆ ಸರಿದರೆ ಮುಂದಿನವನಿಗೆ ಚೆಂಡು. ಕಾರ್ನರ್‌ಬ್ಯಾಕ್ ಫ್ಲಾಟ್‌ನಲ್ಲೇ ಕುಳಿತರೆ ಅದು ಕವರ್ 2. ಆಗ ಸೇಫ್ಟಿಯನ್ನು (ಎಲ್ಲರಿಗಿಂತ ಹಿಂದೆ ಆಳ ಕಾಯುವ ಡಿಫೆಂಡರ್) ಹೊರಗಿನ ರಿಸೀವರ್ ಎಳೆದುಕೊಂಡು ಹೋಗುತ್ತಾನೆ, ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿಯ ನಡುವೆ ಅಂಚಿನಲ್ಲಿ ತೆರೆಯುವ ಜಾಗಕ್ಕೆ ಟಚ್ ಪಾಸ್ (ಮೇಲಕ್ಕೆತ್ತಿ ಮೆಲ್ಲಗೆ ಎಸೆಯುವುದು) ಕೊಟ್ಟು, ಕಂಟ್ರೋಲರ್‌ನ ಎಡ ಸ್ಟಿಕ್ ಅನ್ನು ಮೇಲಕ್ಕೂ ಹೊರಕ್ಕೂ ತಳ್ಳಬೇಕು. ಬುಲೆಟ್ ಪಾಸ್ (ನೇರವಾಗಿ ಜೋರಾಗಿ ಎಸೆಯುವುದು) ಕೊಟ್ಟರೆ ಅದೇ ಕಾರ್ನರ್‌ಬ್ಯಾಕ್ ಜಿಗಿದು ಹಿಡಿಯುತ್ತಾನೆ.

ಪ್ರ್ಯಾಕ್ಟಿಸ್ ಮೋಡ್‌ನಲ್ಲಿ ಎದುರಿಗೆ ಕವರ್ 3 ಒಂದನ್ನೇ ನಿಲ್ಲಿಸಿ, ಈ ಒಂದು ಪ್ಲೇಯನ್ನು ಸಂಜೆಗಟ್ಟಲೆ ಆಡಿದ್ದೇನೆ. ಮೊದಮೊದಲು ಹತ್ತರಲ್ಲಿ ಆರು ಪಾಸ್‌ಗಳು ಕೈಸೇರುತ್ತಿದ್ದವು. ಕಣ್ಣು ಕಾರ್ನರ್‌ಬ್ಯಾಕ್ ಮೇಲೆ ನಿಲ್ಲುವುದು ಅಭ್ಯಾಸವಾದ ಮೇಲೆ ಅದು ಎಂಟಕ್ಕೆ ಬಂತು.

ಸೀಸನ್‌ನ ಆರಂಭ ಮಾತ್ರ ಕೆಟ್ಟದಾಗಿತ್ತು. ಮೊದಲ ನಾಲ್ಕೈದು ಪಂದ್ಯಗಳಲ್ಲಿ ಹೆಚ್ಚಿನವನ್ನು ಸೋತೆವು, ಅನುಮಾನಪಟ್ಟವರಿಗೆ ಒಳ್ಳೆಯ ಅವಕಾಶವೇ ಸಿಕ್ಕಿತು. ಕಾರಣ ಪಾಸ್ ಆಟವಲ್ಲ, ಓಟ. ಔಟ್‌ಸೈಡ್ ಝೋನ್ ಅನ್ನು ಬಂಚ್ ಇಲ್ಲದ ಕಡೆಗೆ ತಿರುಗಿಸಿ ಆಡಿದಾಗಲೆಲ್ಲ ಅಂಚಿನ ಡಿಫೆಂಡರ್ ಯಾರ ತಡೆಯೂ ಇಲ್ಲದೆ ಬಂದು ಎರಡು ಮೂರು ಯಾರ್ಡ್ ಹಿಂದೆಯೇ ಕೆಡವುತ್ತಿದ್ದ. ಎರಡನೇ ಡೌನ್‌ಗೆ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎರಡನೆಯದು) 13 ಯಾರ್ಡ್ ಉಳಿದ ಮೇಲೆ ಹನ್ನೆರಡು ಪ್ಲೇಗಳಿದ್ದರೂ ಒಂದೇ, ಇನ್ನೂರಿದ್ದರೂ ಒಂದೇ. ಆ ದಿಕ್ಕನ್ನು ಪೂರ್ತಿ ಕೈಬಿಟ್ಟೆ. ಜೊತೆಗೆ, ಚೆಂಡು ಕೈಗೆ ಬಂದ ಕೂಡಲೇ ವೇಗದ ಬಟನ್ ಒತ್ತುವುದನ್ನು ನಿಲ್ಲಿಸಿ, ಲೈನ್‌ಮನ್‌ಗಳ ಬೆನ್ನಿಗೆ ಅಂಟಿಕೊಂಡು ನಡೆದು, ಸಂದು ಕಂಡ ಮೇಲೆಯೇ ಒತ್ತಲು ಕಲಿತೆ. ಓಟದ ಸರಾಸರಿ ಮೂರು ಯಾರ್ಡ್‌ನಿಂದ ಐದರ ಹತ್ತಿರಕ್ಕೆ ಏರಿತು, ಪ್ಲೇ ಆ್ಯಕ್ಷನ್‌ಗೆ ಎದುರಾಳಿಗಳು ಮೋಸಹೋಗತೊಡಗಿದ್ದು ಆಮೇಲೆಯೇ.

ಬ್ಲಿಟ್ಝ್ ಎರಡನೇ ತೊಂದರೆಯಾಗಿತ್ತು. ನನ್ನ ಪ್ಲೇಗಳು ಕಡಿಮೆ ಎಂದು ತಿಳಿದವರು ಆರೇಳು ಜನರನ್ನು ಒಟ್ಟಿಗೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುತ್ತಿದ್ದರು. ಐವರು ಲೈನ್‌ಮನ್‌ಗಳ ಜೊತೆ ರನ್ನಿಂಗ್ ಬ್ಯಾಕ್‌ನನ್ನೂ ತಡೆಯಲು ನಿಲ್ಲಿಸಿ, ರಕ್ಷಣೆಯನ್ನು ಅವರು ಹೆಚ್ಚು ಜನ ನಿಂತ ಕಡೆಗೆ ಸರಿಸಿದರೆ ಆರು ಜನರಿಗೆ ಉತ್ತರ ಸಿಗುತ್ತದೆ. ಏಳನೆಯವನು ಬಂದರೆ ಅವನನ್ನು ತಡೆಯಲು ಯಾರೂ ಇರುವುದಿಲ್ಲ, ಮೆಶ್‌ನ ಅಡ್ಡ ಓಟಕ್ಕೆ ಆ ಕ್ಷಣವೇ ಚೆಂಡು ಬಿಡಬೇಕು. ಮೆಶ್‌ನಲ್ಲಿ ಇಬ್ಬರು ರಿಸೀವರ್‌ಗಳು ಮಧ್ಯದಲ್ಲಿ ಒಬ್ಬರನ್ನೊಬ್ಬರು ದಾಟುವಾಗ ಹಿಂಬಾಲಿಸುವವರು ಪರಸ್ಪರ ಸಿಕ್ಕಿಹಾಕಿಕೊಳ್ಳುತ್ತಾರೆ; ಸೀಸನ್‌ನಲ್ಲಿ ನಮ್ಮ ಅತಿ ಉದ್ದದ ಟಚ್‌ಡೌನ್‌ಗಳಲ್ಲಿ ಎರಡು ಮೂರು ಹೀಗೆ ಐದು ಯಾರ್ಡ್‌ನ ಪಾಸ್‌ನಿಂದಲೇ ಬಂದವು.

ಇನ್ನು ಬರೆದಿಟ್ಟ ಪಟ್ಟಿ. ಮೊದಲ ಹನ್ನೆರಡು ಪ್ಲೇಗಳನ್ನು ಪಂದ್ಯದ ಹಿಂದಿನ ರಾತ್ರಿಯೇ ಕ್ರಮವಾಗಿ ಬರೆಯುತ್ತೇನೆ: ಎರಡೂ ಫಾರ್ಮೇಷನ್, ಎಡಕ್ಕೂ ಬಲಕ್ಕೂ ಬಂಚ್, ಒಂದು ಸ್ಕ್ರೀನ್, ಫಲಿಸದಿದ್ದರೂ ಪರವಾಗಿಲ್ಲವೆಂದು ಒಂದು ಆಳದ ಪಾಸ್. ಮೂರನೇ ಡೌನ್‌ಗೆ ಎಂಟಕ್ಕಿಂತ ಹೆಚ್ಚು ಯಾರ್ಡ್ ಬೇಕಿದ್ದಾಗ ಮತ್ತು ಗೋಲ್ ಹತ್ತಿರದಲ್ಲಿ ಮಾತ್ರ ಪಟ್ಟಿ ಬಿಡುತ್ತೇನೆ. ನೋಟ್‌ಬುಕ್‌ನಲ್ಲಿ ಮೂರು ಕಾಲಂಗಳಿವೆ: ಡೌನ್ ಮತ್ತು ದೂರ, ಸೇಫ್ಟಿಗಳ ನಿಲುವು, ಎದುರಾಳಿ ತಾನೇ ನಡೆಸುವ ಆಟಗಾರನ ಮೊದಲ ಹೆಜ್ಜೆ. ಮೂರನೆಯದೇ ಬೆಲೆಬಾಳುವಂಥದ್ದು. ಕಂಪ್ಯೂಟರ್ ನಡೆಸುವ ಹತ್ತು ಜನ ತಮ್ಮ ಝೋನ್‌ಗೆ ಹೋಗಿಯೇ ಹೋಗುತ್ತಾರೆ; ಮನುಷ್ಯ ನಡೆಸುವ ಹನ್ನೊಂದನೆಯವನು ಪ್ಲೇ ಆ್ಯಕ್ಷನ್‌ಗೆ ಮುಂದೆ ನುಗ್ಗುವವನೋ, ಮಧ್ಯವನ್ನು ಬಿಡದವನೋ, ಬಂಚ್ ಕಡೆಗೆ ವಾಲುವವನೋ ಎಂಬುದು ಎರಡು ಡ್ರೈವ್‌ಗಳಲ್ಲಿ (ಚೆಂಡು ನಮ್ಮ ಕೈಯಲ್ಲಿರುವ ಸರದಿ) ತಿಳಿದುಬಿಡುತ್ತದೆ. ಫೈನಲ್‌ನಲ್ಲಿ ನನ್ನ ಎದುರಾಳಿ ಪ್ರತಿ ಸಲವೂ ಬಂಚ್ ಕಡೆಗೇ ವಾಲುತ್ತಿದ್ದ. ಮೊದಲಾರ್ಧದಲ್ಲಿ ನಮಗೆ ಬಂದದ್ದು ಹತ್ತೇ ಅಂಕ, ಆದರೆ ಆ ಕಾಲಂ ತುಂಬಿತ್ತು. ಎರಡನೇ ಅರ್ಧದಲ್ಲಿ ಬೂಟ್ ಮತ್ತು ಒಂಟಿ ರಿಸೀವರ್ ಕಡೆಯ ಪಾಸ್‌ಗಳಿಂದಲೇ ಮೂರು ಟಚ್‌ಡೌನ್ ಬಂದವು.

1988ರಲ್ಲಿ ಆ್ಯಪಲ್ 2 ಕಂಪ್ಯೂಟರ್‌ಗೆ ಈ ಆಟ ಮೊದಲ ಬಾರಿ ಬರುವ ಮೊದಲು, ಆ ಕಾಲದ ಯಂತ್ರಗಳ ಮಿತಿಯಿಂದಾಗಿ ಕಡಿಮೆ ಆಟಗಾರರನ್ನಿಡುವ ಪ್ರಸ್ತಾಪವಿತ್ತು. ಹನ್ನೊಂದು ಹನ್ನೊಂದು ಜನ ಇರಲೇಬೇಕೆಂದು ಹಟ ಹಿಡಿದವರು ಆಟ ಯಾರ ಹೆಸರಿನಲ್ಲಿದೆಯೋ ಆ ಮಾಜಿ ತರಬೇತುದಾರ ಜಾನ್ ಮ್ಯಾಡನ್. ಒಬ್ಬನನ್ನು ನೋಡಿ ಉಳಿದವರ ಕೆಲಸವನ್ನು ಅಂದಾಜಿಸುವ ಈ ಓದು ಇಂದು ಸಾಧ್ಯವಾಗಿರುವುದು ಅವರ ಆ ಹಟದಿಂದಲೇ ಎಂದು ನಾನು ನಂಬಿದ್ದೇನೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. 2008ರ ಸೆಪ್ಟೆಂಬರ್‌ನಲ್ಲಿ ಮಯಾಮಿ ಡಾಲ್ಫಿನ್ಸ್ ತಂಡ ವೈಲ್ಡ್‌ಕ್ಯಾಟ್ (ಚೆಂಡು ಕ್ವಾರ್ಟರ್‌ಬ್ಯಾಕ್ ಬದಲು ನೇರವಾಗಿ ರನ್ನಿಂಗ್ ಬ್ಯಾಕ್‌ಗೆ ಹೋಗುವ ಫಾರ್ಮೇಷನ್) ಬಳಸಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅನ್ನು 38-13ರಿಂದ ಸೋಲಿಸಿತ್ತು. ಆ ಆಸೆಯಲ್ಲಿ ಕೆಲವು ಪಂದ್ಯಗಳಲ್ಲಿ ವೈಲ್ಡ್‌ಕ್ಯಾಟ್ ಸೇರಿಸಿದೆ. ಮೊದಲೆರಡು ಸಲ ಹನ್ನೆರಡು ಹದಿನೈದು ಯಾರ್ಡ್ ಸಿಕ್ಕಿತು, ಆಮೇಲೆ ಎದುರಾಳಿಗಳು ಸೇಫ್ಟಿಯನ್ನು ಮುಂದೆ ತಂದು ನಿಲ್ಲಿಸಿದರು, ಕಥೆ ಮುಗಿಯಿತು. ಪಂಟ್ ಮಾಡದೆ (ನಾಲ್ಕನೇ ಡೌನ್‌ನಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡದೆ) ಆಡುವ ಪ್ರಯೋಗ ಇದಕ್ಕಿಂತ ಚೆನ್ನಾಗಿ ನಡೆಯಿತು: ಮೈದಾನದ ಅರ್ಧ ದಾಟಿದ ಮೇಲೆ ನಾಲ್ಕನೇ ಡೌನ್‌ಗೆ ಎರಡು ಯಾರ್ಡ್ ಅಥವಾ ಕಡಿಮೆ ಬೇಕಿದ್ದರೆ ಸ್ಪೇಸಿಂಗ್ ಆಡುತ್ತೇನೆ, ಮೂರರಲ್ಲಿ ಎರಡು ಸಲ ಸಿಗುತ್ತದೆ. ನಮ್ಮದೇ ಅರ್ಧದಲ್ಲಿ ಅದನ್ನು ಮಾಡಿದ ಪಂದ್ಯಗಳಲ್ಲಿ ಎದುರಾಳಿಗೆ ಫೀಲ್ಡ್ ಗೋಲ್ ದಾನ ಕೊಟ್ಟಂತಾಯಿತು, ಅದನ್ನು ಬಿಟ್ಟೆ.

ಗೋಲ್‌ನಿಂದ ಹತ್ತು ಯಾರ್ಡ್ ಒಳಗೆ ವರ್ಟಿಕಲ್ಸ್‌ಗೆ ಜಾಗವೇ ಇರುವುದಿಲ್ಲ. ಅಲ್ಲಿ ನಾನು ಇನ್‌ಸೈಡ್ ಝೋನ್ ಮತ್ತು ಬೂಟ್ ಎರಡನ್ನೇ ಆಡುತ್ತೇನೆ, ಜೊತೆಗೆ ಬಂಚ್‌ನಿಂದ ಒಂದು ಮೋಷನ್ ಇದೆ. ಆ ಮೋಷನ್‌ನಲ್ಲಿ ಯಾರನ್ನು ಕಳುಹಿಸುತ್ತೇನೆ, ಅವನು ಎಲ್ಲಿಗೆ ಬಂದಾಗ ಸ್ನ್ಯಾಪ್ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಓದುವವರಲ್ಲಿ ಅರ್ಧದಷ್ಟು ಜನ ಮುಂದಿನ ಸೀಸನ್‌ನಲ್ಲಿ ನನ್ನ ಎದುರಿಗೇ ಆಡುವವರು. ಪಟ್ಟಿಯ ಏಳನೇ ಪ್ಲೇ ಯಾವುದೆಂದೂ ಕೇಳಬೇಡಿ.

ಹೊಸ ಆವೃತ್ತಿ ಬಂದಾಗ ಪ್ಲೇಬುಕ್ ಕಟ್ಟುವ ಮೊದಲು ಪ್ರ್ಯಾಕ್ಟಿಸ್ ಮೋಡ್‌ನಲ್ಲಿ ಎರಡನ್ನು ಪರೀಕ್ಷಿಸಿಕೊಳ್ಳಿ: ಕವರ್ 3ರಲ್ಲಿ ಫ್ಲಾಟ್ ಕಾಯುವವನು ಇನ್ನೂ ಒಬ್ಬನೇ ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತಾನೆಯೇ, ಮತ್ತು ಬೂಟ್ ಆಡುವಾಗ ಹಿಂಬದಿಯ ಅಂಚಿನ ಡಿಫೆಂಡರ್ ಓಟದ ಕಡೆಗೆ ಸೆಳೆಯಲ್ಪಡುತ್ತಾನೆಯೇ. ಎರಡೂ ಹಾಗೆಯೇ ಇದ್ದರೆ ಉಳಿದ ಹತ್ತನ್ನು ಅವುಗಳ ಸುತ್ತ ಜೋಡಿಸಬಹುದು. ಫ್ಲಡ್ ಕೈಕೊಟ್ಟರೆ ಅದೇ ಬಂಚ್‌ನಲ್ಲಿ ಕಾರ್ನರ್‌ಬ್ಯಾಕ್ ಒಬ್ಬನನ್ನೇ ನೋಡಿ ಆಡಬಹುದಾದ ಬೇರೆ ಪ್ಲೇ ಹುಡುಕುವುದರಿಂದ ಆರಂಭಿಸಿ.